ಹೆದರಿದ ಮಗುವಿಗೆ ಮೂರು ಮುಳುಗು

ಆ ದಿನವೂ ವಾರಿಜ ಶಾಲೆಯಿಂದ ಅರ್ಧದಲ್ಲೇ ಮನೆಗೆ ಬಂದಳು. ಅವಳ ಜೊತೆ ಇಬ್ಬರು ಹುಡುಗಿಯರಿದ್ದರು. ಒಬ್ಬಳ ಕೈಯಲ್ಲಿ ವಾರಿಜಳ ಚೀಲ, ಇನ್ನೊಬ್ಬಳ ಕೈಯಲ್ಲಿ ಅವಳ ಸ್ಲೇಟು.

"ಇವಳಿಗೆ ಪುನಃ ಹಾಗೇ ಆಯಿತು ಜಲಜಕ್ಕ," ಎಂದಳು ಚೀಲ ಹಿಡಿದವಳು. "ಎಲ್ಲರೂ ಮಗ್ಗಿ ಹೇಳುವಾಗ ಇವಳು ಮರದ ಹಾಗೆ ನಿಂತುಬಿಟ್ಟಳು. ಮಾಷ್ಟ್ರು ಬೆತ್ತ ತೆಗೆದರೂ ಬಾಯಿ ಬಿಡಲಿಲ್ಲ."

ತಾಯಿ ಜಲಜ ಮಗಳ ಕೈ ಹಿಡಿದು ನೋಡಿದಳು. ಕೈ ತಣ್ಣಗಿತ್ತು. ಅಂಗೈಯಲ್ಲಿ ಬೆತ್ತದ ಎರಡು ಗೆರೆಗಳಿದ್ದವು. ಮಗು ಓಡಿ ಬಂದಂತೆ ಏದುಸಿರು ಬಿಡುತ್ತಿತ್ತು. ಆದರೆ ಅವರು ನಿಧಾನವಾಗಿ ನಡೆದೇ ಬಂದಿದ್ದರು.

ಇದು ಎಪ್ಪತ್ತೇಳನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತು. ಊರು ಕಾಪುವಿನ ಕಡಲ ತೀರ. ವಾರಿಜಳಿಗೆ ಒಂಬತ್ತು ವರ್ಷ. ಅವಳ ತಂದೆ ಶೀನ ರಂಪಣಿಯ ಮೀನುಗಾರ. ರಂಪಣಿ ಎಂದರೆ ಅರ್ಧ ಊರೇ ಸೇರಿ ಎಳೆಯುವ ಉದ್ದದ ಬಲೆ. ಶೀನನ ಕೆಲಸ ದಡದಲ್ಲಿ ನಿಂತು ಸಮುದ್ರವನ್ನು ನೋಡುವುದು. ನೀರಿನ ಬಣ್ಣ ಬದಲಾಗಿ ಮೀನಿನ ಹಿಂಡು ಕಂಡ ಕೂಡಲೇ ಅವನು ತಲೆಯ ಮುಂಡಾಸು ಬಿಚ್ಚಿ ಬೀಸಬೇಕು. ಅವನ ಬಟ್ಟೆ ಮೇಲೆದ್ದರೆ ಉಣ್ಣುತ್ತಿದ್ದವರೂ ಕೈ ತೊಳೆಯದೆ ದೋಣಿಗೆ ಓಡುತ್ತಿದ್ದರು.

ಕಳೆದ ಫೆಬ್ರವರಿಯಲ್ಲಿ ಒಂದು ದಿನ ಹಾಗೇ ಬಟ್ಟೆ ಮೇಲೆದ್ದಿತು, ದೋಣಿ ಹೊರಟಿತು, ಬಲೆ ಬಿದ್ದಿತು. ದಡದಲ್ಲಿ ಅರುವತ್ತು ಜನ ಹಗ್ಗ ಹಿಡಿದು ಒಂದೇ ಸ್ವರದಲ್ಲಿ ಕೂಗು ಹಾಕುತ್ತಾ ಎಳೆಯುತ್ತಿದ್ದರು. ವಾರಿಜ ಬುಟ್ಟಿ ಹಿಡಿದು ನಿಂತಿದ್ದಳು. ದೋಣಿ ದಡಕ್ಕೆ ತಿರುಗುವಾಗ ಒಂದು ದೊಡ್ಡ ತೆರೆ ಅದನ್ನು ಅಡ್ಡಲಾಗಿ ಎತ್ತಿ ಮಗುಚಿತು. ಅವಳ ಚಿಕ್ಕಪ್ಪ ದೂಮ ದೋಣಿಯ ಅಡಿಗೆ ಬಿದ್ದ. ಹಿಂದೆ ಇದ್ದವರಿಗೆ ಅದು ಕಾಣಲಿಲ್ಲ. ಅವರು ಕೂಗು ಹಾಕಿ ಎಳೆಯುತ್ತಲೇ ಇದ್ದರು. ವಾರಿಜ ಎಲ್ಲವನ್ನೂ ನೋಡುತ್ತಿದ್ದಳು.

ದೂಮ ಬದುಕಿದ. ಅವನ ಒಂದು ಕಾಲು ಮುರಿಯಿತು. ಈಗ ಕೋಲು ಹಿಡಿದು ನಡೆಯುತ್ತಾನೆ, ಕೂತು ಬಲೆ ನೇಯುತ್ತಾನೆ. ಮನೆಯವರೆಲ್ಲ ಅವನ ಕಾಲನ್ನು ನೋಡಿಕೊಂಡರು. ಮಗುವನ್ನು ಯಾರೂ ಕೇಳಲಿಲ್ಲ. ಅವಳಿಗೆ ಏಟು ಬಿದ್ದಿರಲಿಲ್ಲವಲ್ಲ.

ಮೊದಲು ಶಾಲೆಯಲ್ಲಿ ಹೀಗಾಯಿತು. ಆಮೇಲೆ ಒಂದು ಶನಿವಾರ ಭಜನಾ ಮಂದಿರದಲ್ಲಿ ಆಯಿತು. ತಾಳದ ಜೊತೆ ಎಲ್ಲರ ಸ್ವರ ಏರಿದ ಹೊತ್ತಿಗೆ ವಾರಿಜ ಬಿಳಚಿಕೊಂಡು ಗೋಡೆಗೆ ಒತ್ತಿಕೊಂಡಳು. ಹಲ್ಲು ಕಚ್ಚಿಹೋಯಿತು. ನಿಂತಲ್ಲೇ ಲಂಗ ಒದ್ದೆಯಾಯಿತು.

ಶೀನನ ತಾಯಿ ಅಪ್ಪಿ ಅಜ್ಜಿ ಅದನ್ನು ನೋಡಿದಳು. ಮನೆಗೆ ಬಂದವಳೇ ಬಾಗಿಲು ಹಾಕಿ ಹೇಳಿದಳು:

"ದೇವರ ಹೆಸರು ಕೇಳಿದರೆ ಮಗು ಹೀಗೆ ಮಾಡುತ್ತದೆ ಅಂದರೆ ಎಂತ ಅರ್ಥ? ಇವಳಿಗೆ ಏನೋ ತಾಗಿದೆ. ಸಮುದ್ರದ ಬದಿಯಲ್ಲೇ ತಾಗಿದೆ."

ಜಲಜ ಅಳತೊಡಗಿದಳು. ಅಜ್ಜಿ ಇಂಥದ್ದಕ್ಕೆ ಪರಿಹಾರ ಹೇಳುವ ಪಡುಬಿದ್ರಿ ಕಡೆಯ ಒಬ್ಬ ಮುದುಕನಲ್ಲಿ ಹೋಗಿ ಕೇಳಿ ಬಂದಳು. ಹೆದರಿಕೆ ಹಿಡಿದ ಜಾಗದಲ್ಲೇ ಹೆದರಿಕೆಯನ್ನು ಬಿಡಿಸಬೇಕು. ರಂಪಣಿ ದೋಣಿಯನ್ನು ಈ ವರ್ಷ ಮೊದಲು ನೀರಿಗೆ ಇಳಿಸುವ ದಿನ, ಎಲ್ಲರೂ ಕೂಗು ಹಾಕುವಾಗಲೇ ಮಗುವಿಗೆ ಸಮುದ್ರದಲ್ಲಿ ಮೂರು ಮುಳುಗು ಹಾಕಿಸಬೇಕು ಎಂದು ಅವನು ಹೇಳಿದನಂತೆ.

ದೋಣಿ ಇಳಿಸುವುದು ಬರುವ ಸೋಮವಾರ ಎಂದು ಗೊತ್ತಾಗಿತ್ತು. ಶೀನ ಒಪ್ಪಿದ. ತಂಡದವರಿಗೂ ಹೇಳಿದ. ಮೀನು ನೋಡುವವನ ಮನೆಯಲ್ಲೇ ಸಮುದ್ರಕ್ಕೆ ಹೆದರುವ ಮಗು ಇದ್ದರೆ ಬಲೆಗೆ ಒಳ್ಳೆಯದಲ್ಲ ಎಂದು ಅವರಲ್ಲಿ ಕೆಲವರು ಆಗಲೇ ಮಾತಾಡಿಕೊಳ್ಳುತ್ತಿದ್ದರು.

ವಾರಿಜ ಇದನ್ನೆಲ್ಲ ಅಡಿಗೆಮನೆಯ ಬಾಗಿಲಿನ ಹಿಂದೆ ನಿಂತು ಕೇಳಿಸಿಕೊಂಡಳು. ಮರುದಿನದಿಂದ ಅವಳಿಗೆ ಗಂಜಿ ಇಳಿಯಲಿಲ್ಲ. "ಅಮ್ಮ, ಸೋಮವಾರ ಬರ್ಲಿಕ್ಕೆ ಎಷ್ಟು ದಿನ ಉಂಟು?" ಎಂದು ದಿನಕ್ಕೆ ಹತ್ತು ಸಲ ಕೇಳತೊಡಗಿದಳು.

ಶನಿವಾರ ಬೆಳಿಗ್ಗೆ ಶೀನ ಮಗಳನ್ನು ಎತ್ತಿಕೊಂಡ.

"ಎಲ್ಲಿಗೆ?" ಎಂದಳು ಜಲಜ.

"ಸುಮ್ಮನೆ ನೀರು ಮುಟ್ಟಿಸಿ ತರುತ್ತೇನೆ. ಒಮ್ಮೆ ಅಭ್ಯಾಸ ಆದರೆ ಸೋಮವಾರ ಕಷ್ಟ ಆಗುವುದಿಲ್ಲ."

ಅವನು ಕೆಟ್ಟ ತಂದೆಯಲ್ಲ. ದಾರಿಯಲ್ಲಿ ಮಗಳ ಬೆನ್ನು ಸವರುತ್ತಲೇ ಹೋದ. ಆದರೆ ನೀರು ಮೊಣಕಾಲಿಗೆ ಬಂದಾಗ ವಾರಿಜಳ ಮೈ ಹಲಗೆಯಂತೆ ಸೆಟೆಯಿತು. ತುಟಿ ನೀಲಿಯಾಯಿತು. ಅವಳು ಕೂಗಲಿಲ್ಲ. ಕೂಗಿದ್ದರೆ ಅವನು ನಿಲ್ಲುತ್ತಿದ್ದನೋ ಏನೋ. ಆಗಲೇ ಬದಿಯಿಂದ ತೆರೆಯೊಂದು ಬಂದು ಬಡಿಯಿತು. ಅವನ ಕಾಲಡಿಯ ಮರಳು ಜಾರಿತು. ಒಂದು ಕ್ಷಣ ಮಗಳು ಕೈಯಿಂದ ಜಾರಿ ಹೋದಳು. ನೊರೆಯಲ್ಲಿ ಅವಳ ಜಡೆ ಮಾತ್ರ ಕಂಡಿತು. ಅದನ್ನೇ ಹಿಡಿದು ಎಳೆದು ದಡಕ್ಕೆ ತಂದ.

ಮಗುವಿನ ಕಣ್ಣು ತೆರೆದಿತ್ತು. ಉಸಿರು ಇತ್ತು. ಆದರೆ ತಂದೆ ಕರೆದರೆ ಅವಳಿಗೆ ಕೇಳುತ್ತಿರಲಿಲ್ಲ.

"ವಾರಿಜಾ, ಏಳು. ಏಳು ಅಂದೆ ನಾನು," ಎಂದು ಅವನು ಗದರಿಸತೊಡಗಿದ. ಸುತ್ತ ಜನ ಸೇರಿದರು. ಒಬ್ಬ ಕೆನ್ನೆಗೆ ಹೊಡೆಯಿರಿ ಎಂದ, ಇನ್ನೊಬ್ಬ ಈರುಳ್ಳಿ ತನ್ನಿ ಎಂದ.

ಮಕ್ಕಳಿಗೆ ಚುಚ್ಚುಮದ್ದು ಕೊಡಲು ವಾರಕ್ಕೊಮ್ಮೆ ಬರುವ ನರ್ಸ್, ಊರವರೆಲ್ಲ ಗೌರವದಿಂದ ‘ಬಾಯಿ’ ಎನ್ನುವ ಎಲಿಜಬೆತ್, ಅದೇ ದಾರಿಯಲ್ಲಿ ಬರುತ್ತಿದ್ದರು. ಅವರು ಪೆಟ್ಟಿಗೆಯನ್ನು ಮರಳಿನ ಮೇಲಿಟ್ಟು ಮೊದಲು ಮಗುವಿನ ನಾಡಿಯನ್ನೂ ಉಸಿರನ್ನೂ ನೋಡಿದರು. ನೀರು ಒಳಗೆ ಹೋಗಿಲ್ಲವೆಂದು ಖಚಿತ ಮಾಡಿಕೊಂಡರು.

"ನೀವೆಲ್ಲ ಸ್ವಲ್ಪ ಆಚೆ ಹೋಗಿ. ಯಾರೂ ಹೊಡೆಯಬೇಡಿ," ಎಂದರು. ಅವರ ಸ್ವರ ತಗ್ಗಿತ್ತು. ಒಣ ಬಟ್ಟೆ ಹೊದಿಸಿ ಮಗುವಿನ ಪಕ್ಕದಲ್ಲೇ ಮರಳಿನಲ್ಲಿ ಕೂತರು.

"ವಾರಿಜ, ನಾನು ಎಲಿಜಬೆತ್. ನೀನು ಈಗ ಮರಳಿನ ಮೇಲೆ ಇದ್ದಿ. ನೀರು ದೂರ ಉಂಟು. ಹಿಮ್ಮಡಿಯಿಂದ ಮರಳನ್ನು ಒತ್ತು ನೋಡುವ. ಹಾಂ, ಹಾಗೆ. ಬಿಸಿ ಗಂಜಿ ಊದುವುದು ಗೊತ್ತುಂಟಲ್ಲ? ಮೆಲ್ಲ ಊದು. ಉದ್ದಕ್ಕೆ ಊದು. ನಾನೂ ಊದುತ್ತೇನೆ."

ಒಂದು ಸಲಕ್ಕೆ ಏನೂ ಆಗಲಿಲ್ಲ. ಹತ್ತು ಸಲಕ್ಕೂ ಆಗಲಿಲ್ಲ. ಎಲಿಜಬೆತ್ ಬಾಯಿ ಊದುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ಮಗುವಿನ ಬೆರಳು ಸಡಿಲವಾಯಿತು. ಅವಳು ತಂದೆಯನ್ನು ನೋಡಿ ಕೇಳಿದಳು:

"ಅಪ್ಪ, ಇವತ್ತೇ ಸೋಮವಾರವಾ?"

ಶೀನ ಮುಖ ಆಚೆ ತಿರುಗಿಸಿದ.

ಮನೆಯ ಜಗಲಿಯಲ್ಲಿ ಎಲಿಜಬೆತ್ ಬಾಯಿಗೆ ಚಾ ಕೊಟ್ಟು, ಅಜ್ಜಿಯ ಮಾತು, ಸೋಮವಾರದ ಮುಳುಗು ಎಲ್ಲವನ್ನೂ ಜಲಜ ಹೇಳಿದಳು. ಅಪ್ಪಿ ಅಜ್ಜಿ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು.

"ನೀವು ಚುಚ್ಚುವವರು. ಇದಕ್ಕೂ ಒಂದು ಸೂಜಿ ಉಂಟೋ?" ಎಂದಳು.

"ಇದಕ್ಕೆ ಸೂಜಿ ಇಲ್ಲ ಅಜ್ಜಿ. ಇದ್ದಿದ್ದರೆ ಮೊದಲು ನಿಮಗೆ ಚುಚ್ಚುತ್ತಿದ್ದೆ," ಎಂದರು ಬಾಯಿ. ಜಲಜಳಿಗೆ ಅಷ್ಟರಲ್ಲೂ ನಗು ಬಂತು. ಅಜ್ಜಿಗೆ ಬರಲಿಲ್ಲ.

"ಜಲಜಕ್ಕ, ಇವಳಿಗೆ ಹೀಗೆ ಆಗುವುದು ಯಾವಾಗ? ನೆನಪು ಮಾಡಿ ಹೇಳಿ."

"ಶಾಲೆಯಲ್ಲಿ ಮಗ್ಗಿ ಹೇಳುವಾಗ. ಭಜನೆಯಲ್ಲಿ. ಒಮ್ಮೆ ಆಚೆಮನೆಯವರು ಮರ ಎಳೆಯುವಾಗಲೂ ಆಗಿತ್ತು."

"ಒಬ್ಬಳೇ ಮಗ್ಗಿ ಹೇಳಿದರೆ?"

"ಇಪ್ಪತ್ತರವರೆಗೆ ತಪ್ಪಿಲ್ಲದೆ ಹೇಳುತ್ತಾಳೆ."

"ಮನೆಯಲ್ಲಿ ದೇವರ ದೀಪ ಇಡುವಾಗ?"

"ಆಗ ಎಂತ ಇಲ್ಲ. ಅವಳೇ ಹಾಡು ಹೇಳುವುದು."

ಬಾಯಿ ಅಜ್ಜಿಯ ಕಡೆ ತಿರುಗಿದರು. "ಅಂದರೆ ದೇವರ ಹೆಸರಿಗೆ ಅಲ್ಲ ಅಜ್ಜಿ. ಮಗ್ಗಿ, ಭಜನೆ, ಮರ ಎಳೆಯುವುದು, ಮೂರರಲ್ಲೂ ಎಂತ ಉಂಟು? ತುಂಬ ಜನ ಒಟ್ಟಿಗೆ ಸ್ವರ ಏರಿಸುವುದು. ದೂಮಣ್ಣ ದೋಣಿಯ ಅಡಿಗೆ ಬಿದ್ದಾಗ ದಡದಲ್ಲಿ ಎಂತ ಕೇಳುತ್ತಿತ್ತು?"

ಅಜ್ಜಿಯ ಬಾಯಿಯಲ್ಲಿ ಎಲೆ ಹಾಗೇ ನಿಂತಿತು. ಮೂಲೆಯಲ್ಲಿ ಬಲೆ ನೇಯುತ್ತಿದ್ದ ದೂಮ ತಲೆ ಎತ್ತಿದ.

"ಸಾಕು ಬಾಯಿ," ಎಂದ ಶೀನ. "ಅದು ಆಗಿ ಏಳು ತಿಂಗಳಾಯಿತು. ಕಾಲು ಮುರಿದವನೇ ನಗಾಡುತ್ತಾ ಕೂತಿದ್ದಾನೆ. ಇವಳಿಗೆ ಎಂತದು? ಇದು ಹಟ."

"ಶೀನಣ್ಣ, ನಿಮ್ಮ ಕೆಲಸದ ಒಂದು ಮಾತು ಕೇಳುತ್ತೇನೆ. ನೀವು ಮೀನು ಅಂತ ಬಟ್ಟೆ ಬೀಸಿ, ಮೀನು ಇಲ್ಲದೆ ಹೋದದ್ದು ಉಂಟಾ?"

"ಉಂಟು. ಹೋದ ವರ್ಷ. ಮೋಡದ ನೆರಳು ನೀರಿನ ಮೇಲೆ ಬಿದ್ದಿತ್ತು. ಇಡೀ ಊರನ್ನೇ ಓಡಿಸಿದೆ."

"ಮೊದಲು ಸರಿಯಾಗಿ ನೋಡಿ, ಮತ್ತೆ ಬೀಸಬೇಕಿತ್ತು ಅಲ್ವಾ?"

"ನೋಡುತ್ತಾ ನಿಂತರೆ ಮೀನು ನಿಲ್ಲುತ್ತದಾ ಬಾಯಿ? ಮೊದಲು ಬೀಸುವುದು. ಮೀನೋ ನೆರಳೋ ಅಂತ ಮತ್ತೆ ಗೊತ್ತಾಗುತ್ತದೆ."

"ಆ ದಿನ ನಿಮಗೆ ಯಾರಾದರೂ ಹೊಡೆದರಾ?"

"ಹೊಡೆಯುವುದಾ? ಮೀನು ನೋಡುವವನಿಗೆ ಹೊಡೆದರೆ ಅವನು ನಾಳೆಯಿಂದ ಹೆದರಿ ಹೆದರಿ ಎಲ್ಲದಕ್ಕೂ ಬಟ್ಟೆ ಬೀಸುತ್ತಾನೆ. ಇಲ್ಲದಿದ್ದರೆ ಯಾವುದಕ್ಕೂ ಬೀಸುವುದಿಲ್ಲ."

ಹೇಳಿ ಮುಗಿಸಿದ ಶೀನ, ಬೆತ್ತದ ಏಟು ತಿಂದಿದ್ದ ಮಗಳ ಅಂಗೈಯನ್ನು ನೋಡಿದ.

ಬಾಯಿ ವಾರಿಜಳನ್ನು ಹತ್ತಿರ ಕರೆದು ಕೂರಿಸಿಕೊಂಡರು. "ಈಗ ನಿನಗೇ ಹೇಳುತ್ತೇನೆ ಮಗಾ. ನಮ್ಮ ತಲೆಯ ಒಳಗೆ ಮಿದುಳು ಉಂಟು. ಅದರ ಒಳಗೆ ಗೇರುಬೀಜದಷ್ಟು ಚಿಕ್ಕದೊಂದು ಭಾಗ. ಅದರ ಕೆಲಸ ನಿನ್ನ ಅಪ್ಪನದ್ದೇ, ಕಾಯುವುದು. ಅಪಾಯ ಕಂಡರೆ ಕೂಡಲೇ ಬಟ್ಟೆ ಬೀಸುತ್ತದೆ. ಆಗ ಮೈಯೆಲ್ಲ ದೋಣಿಗೆ ಓಡುವವರ ಹಾಗೆ ಏಳುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಕೈ ತಣ್ಣಗಾಗುತ್ತದೆ. ಕೆಲವರು ಓಡುತ್ತಾರೆ. ಕೆಲವರಿಗೆ ಸಿಟ್ಟು ಬರುತ್ತದೆ. ಕೆಲವರು ನಿನ್ನ ಹಾಗೆ ನಿಂತುಬಿಡುತ್ತಾರೆ. ನೀನು ಬೇಕೆಂದು ಮಾಡುವುದಲ್ಲ ಅದು."

"ಉಚ್ಚೆ ಹೋಗುವುದೂ?" ಎಂದು ವಾರಿಜ ಪಿಸುಗುಟ್ಟಿದಳು.

"ಅದೂ. ನಾಚಿಕೆ ಪಡುವಂಥದ್ದು ಎಂತದೂ ಇಲ್ಲ. ಇನ್ನು ಹಣೆಯ ಹಿಂದೆ ಇನ್ನೊಂದು ಭಾಗ ಉಂಟು. ಅದು ಯೋಚನೆ ಮಾಡುವ ಭಾಗ, ತಂಡದ ಹಿರಿಯನ ಹಾಗೆ. ಮಗ್ಗಿ ಇರುವುದು ಅವನ ಹತ್ತಿರ. ಎಲ್ಲರೂ ಓಡುವ ಗಲಾಟೆಯಲ್ಲಿ ಅವನ ಮಾತು ಯಾರಿಗೂ ಕೇಳುವುದಿಲ್ಲ. ಅದಕ್ಕೇ ಆಗ ನಿನಗೆ ಮಗ್ಗಿ ನೆನಪಾಗುವುದಿಲ್ಲ. ನೀನು ಮೆಲ್ಲ ಉಸಿರು ಊದಿದರೆ, ಕಾಲನ್ನು ನೆಲಕ್ಕೆ ಒತ್ತಿದರೆ ಗಲಾಟೆ ಇಳಿಯುತ್ತದೆ. ಕೂಡಲೇ ಅಲ್ಲ. ಸ್ವಲ್ಪ ಹೊತ್ತು ಬೇಕು."

"ಮತ್ತೆ ಪುನಃ ಬಂದರೆ?"

"ಬರಬಹುದು ಮಗಾ. ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬಂದರೆ ಹೋಗುತ್ತದೆ ಅಂತ ಹೇಳುತ್ತೇನೆ."

ಶೀನ ಎದ್ದು ನಿಂತ. "ಮಾತು ಚೆಂದ ಉಂಟು ಬಾಯಿ. ಆದರೆ ಸೋಮವಾರದ್ದು ಎಲ್ಲರಿಗೂ ಹೇಳಿ ಆಗಿದೆ."

"ಮೈಯೆಲ್ಲ ಹೆದರಿಕೆ ತುಂಬಿರುವಾಗ ಮುಳುಗಿಸಿದರೆ ಹೆದರಿಕೆ ಬಿಡುವುದಿಲ್ಲ ಶೀನಣ್ಣ, ಗಟ್ಟಿಯಾಗುತ್ತದೆ. ನೀರಿಗೆ ಅವಳೇ ಬರಬೇಕು. ಇವತ್ತು ಮರಳಿನವರೆಗೆ, ಇನ್ನೊಂದು ವಾರ ಬಿಟ್ಟು ಒಂದು ಹೆಜ್ಜೆ. ಇವತ್ತು ಅವಳು ನಿಮ್ಮ ಕೈಯಿಂದ ಜಾರಿದಳು. ಸೋಮವಾರ ಜಾರಿದರೆ?"

ಬಾಯಿ ಪೆಟ್ಟಿಗೆ ಎತ್ತಿಕೊಂಡು ಹೊರಟರು. ತಡೆಯುವ ಅಧಿಕಾರ ಅವರಿಗಿರಲಿಲ್ಲ. ಹೇಳಿದ್ದು ಸಾಕಾಯಿತೋ ಇಲ್ಲವೋ ಎಂಬ ಚಿಂತೆಯಲ್ಲೇ ಅವರು ಬಸ್ಸು ಹತ್ತಿದರು.

ಭಾನುವಾರ ಇಡೀ ದಿನ ಜಲಜ ಮಗಳನ್ನು ಕೂರಿಸಿಕೊಂಡು ಗಂಜಿ ಊದುವ ಉಸಿರನ್ನು ಅಭ್ಯಾಸ ಮಾಡಿಸಿದಳು. ಹೆದರಿಕೆ ಇಲ್ಲದಾಗಲೇ ಕಲಿತರೆ ಹೆದರಿಕೆ ಬಂದಾಗ ನೆನಪಾಗುತ್ತದೆ ಎಂದು ಬಾಯಿ ಹೇಳಿದ್ದರು. ಶೀನ ಒಳಗೆ ಹೊರಗೆ ಓಡಾಡುತ್ತಾ ಅದನ್ನು ನೋಡುತ್ತಿದ್ದ.

ಸೋಮವಾರ ಬಂತು. ದೋಣಿಗೆ ಹೂವಿನ ಹಾರ ಹಾಕಿದ್ದರು. ತೆಂಗಿನಕಾಯಿ ಒಡೆದರು. ತಂಡದ ಹಿರಿಯನೊಬ್ಬ, "ಶೀನ, ಮಗಳನ್ನು ತಾ ಮಾರಾಯ, ಹೊತ್ತಾಯಿತು," ಎಂದ. ಅಪ್ಪಿ ಅಜ್ಜಿ ಮಡಿ ಬಟ್ಟೆ ಹಿಡಿದು ನಿಂತಿದ್ದಳು. ಜಲಜ ಮಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಜನ ದೋಣಿಗೆ ಹೆಗಲು ಕೊಟ್ಟು ಕೂಗು ಹಾಕತೊಡಗಿದರು. ಮೊದಲ ಕೂಗಿಗೇ ವಾರಿಜಳ ಕಣ್ಣು ಒಂದೇ ಕಡೆ ನಿಂತುಹೋಯಿತು.

ಶೀನ ಬಂದು ಅವಳನ್ನು ಹೆಂಡತಿಯ ಕೈಯಿಂದ ಎತ್ತಿಕೊಂಡ. ನೀರಿನ ಕಡೆ ನಡೆದ. ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ಒದ್ದೆ ಮರಳು ಶುರುವಾಗುವಲ್ಲಿ ಅವನು ನಿಂತ. ತೆರೆ ಬಂದು ಅವನ ಬೆರಳು ಮುಟ್ಟಿ ಹಿಂದೆ ಹೋಯಿತು. ಅವನು ನಿಂತೇ ಇದ್ದ.

ಆಮೇಲೆ ತಿರುಗಿದ. ಒಣ ಮರಳಿಗೆ ಬಂದು, ಸಮುದ್ರಕ್ಕೆ ಬೆನ್ನು ಹಾಕಿ ಕೂತ. ಮಗಳನ್ನು ಮುಂದೆ ಕೂರಿಸಿಕೊಂಡ.

"ನಾನು ಅಪ್ಪ. ನೀರಿಗೆ ಕೊಂಡುಹೋಗುವುದಿಲ್ಲ. ಕಾಲು ಒತ್ತು. ಊದು," ಎಂದ. ತಾನೂ ಕೆನ್ನೆ ಉಬ್ಬಿಸಿ ಊದತೊಡಗಿದ.

"ಎಂತ ಶೀನ, ಗಂಜಿ ಬಿಸಿ ಉಂಟಾ?" ಎಂದು ಯಾರೋ ಕೂಗಿದರು. ನಗು ಎದ್ದಿತು.

"ಹೌದು, ಬಿಸಿ ಉಂಟು. ನೀವು ದೋಣಿ ನೂಕಿ," ಎಂದ ಶೀನ. ಅವನು ತಿರುಗಿ ನೋಡಲಿಲ್ಲ.

ಕೋಲೂರಿಕೊಂಡು ದೂಮ ಬಂದು ಅವರ ಪಕ್ಕದಲ್ಲಿ ಕೂತ. ಅವನೂ ಊದಿದ. ಕೂಗು ಜೋರಾದಾಗ ವಾರಿಜ ತಂದೆಯ ಅಂಗಿಯನ್ನು ಹಿಡಿದು ನಡುಗಿದಳು. ದೋಣಿ ನೀರಿಗೆ ಇಳಿಯಿತು, ಕೂಗು ನಿಂತಿತು. ಅವಳ ಎದೆಬಡಿತ ಮೆಲ್ಲ ಇಳಿಯಿತು. ಆಮೇಲೆ ಅವಳು ಅತ್ತಳು. ಬಹಳ ಅತ್ತಳು. ಏಳು ತಿಂಗಳಲ್ಲಿ ಆ ದಿನದ ಬಗ್ಗೆ ಅವಳು ಆಡಿದ ಮೊದಲ ಮಾತು ಆಗ ಬಂತು: "ಚಿಕ್ಕಪ್ಪ ಅಡಿಯಲ್ಲಿದ್ದರು. ನಾನು ಹೇಳಿದೆ. ಯಾರಿಗೂ ಕೇಳಲಿಲ್ಲ."

ಮುಂದಿನ ಶನಿವಾರ ಎಲಿಜಬೆತ್ ಬಾಯಿ ಬಂದಾಗ ಶೀನ ಜಗಲಿಯಲ್ಲಿ ಕಾಯುತ್ತಿದ್ದ. ಮಾಷ್ಟ್ರಲ್ಲಿ ಮಾತಾಡಿ ಆಗಿದೆ, ಮಗ್ಗಿಯ ಹೊತ್ತಿಗೆ ಅವಳನ್ನು ಬಾಗಿಲ ಬದಿಯಲ್ಲಿ ಕೂರಿಸುತ್ತಾರೆ, ಬೆತ್ತ ತೆಗೆಯುವುದಿಲ್ಲ ಎಂದ. ಈ ವಾರ ಎರಡು ಸಲ ಹಾಗಾಯಿತು, ಆದರೆ ಬೇಗ ಸರಿಯಾಯಿತು ಎಂದಳು ಜಲಜ.

"ಒಳ್ಳೆಯದು. ಆದರೂ ಏಳು ತಿಂಗಳಿಂದ ಉಂಟಲ್ಲ. ಮಣಿಪಾಲದಲ್ಲಿ ಡಾಕ್ಟರರಿಗೆ ಒಮ್ಮೆ ತೋರಿಸುವ. ನಾನು ಚೀಟಿ ಕೊಡುತ್ತೇನೆ," ಎಂದು ಬಾಯಿ ಪೆನ್ನು ತೆಗೆದರು.

"ಹುಚ್ಚಿನ ಡಾಕ್ಟರಾ?" ಎಂದಳು ಅಜ್ಜಿ.

"ಮನಸ್ಸಿನ ಡಾಕ್ಟರು ಅಜ್ಜಿ. ಹೆದರಿಕೆ ಹುಚ್ಚಲ್ಲ."

ಬಾಯಿ ವಾರಿಜಳ ಹೆಸರು ಬರೆದು ಚೀಟಿ ಹರಿಯಲು ಹೊರಟಾಗ ಶೀನ ಕೈ ಅಡ್ಡ ಹಿಡಿದ.

"ಇನ್ನೊಂದು ಹೆಸರು ಬರೆಯಿರಿ ಬಾಯಿ."

"ಯಾರದು?"

"ನನ್ನದು."

"ಆ ದಿನ ದೋಣಿ ಕಳಿಸಿದ್ದು ನಾನು," ಎಂದ ಶೀನ. "ಅಂದಿನಿಂದ ಸಮುದ್ರ ನೋಡುತ್ತಾ ನಿಂತರೆ ನನ್ನ ಕೈ ನಡುಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಹೆಂಡತಿಗೂ ಹೇಳಲಿಲ್ಲ. ಮಗಳನ್ನು ಮುಳುಗಿಸಿದರೆ ಮನೆಯ ಹೆದರಿಕೆಯೆಲ್ಲ ಹೋಗುತ್ತದೆ ಅಂತ ಎಣಿಸಿದ್ದೆ."

ಅಪ್ಪಿ ಅಜ್ಜಿ ಎದ್ದು ಬಂದು ಮಗನ ಪಕ್ಕದಲ್ಲಿ ಕೂತಳು. "ಬರೆಯಿರಿ ಬಾಯಿ," ಎಂದಳು.

ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಮಗು ಇರಬಹುದು. ಪರೀಕ್ಷೆಯ ದಿನ ಹೊಟ್ಟೆನೋವು ಎನ್ನುವ ಮಗು, ಯಾರೋ ಬೈದರೆ ಮಾತು ನಿಂತುಹೋಗುವ ಮಗು, ಕಾರಣವಿಲ್ಲದೆ ಸಿಟ್ಟಾಗಿ ಎಸೆಯುವ ಮಗು. ಅದನ್ನು ಹಟ ಎನ್ನುವ ಮೊದಲು ಒಂದು ಸಲ ಕೇಳಿ ನೋಡಿ: ಇದು ಯಾವಾಗ ಯಾವಾಗ ಆಗುತ್ತದೆ? ಆ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ, ಹೊಡೆಯಬೇಡಿ. ಹತ್ತಿರ ಕೂತು, ಸ್ವರ ತಗ್ಗಿಸಿ, ನೀವೂ ಅದರ ಜೊತೆ ಉಸಿರು ಊದಿ. ಮಗುವಿನ ಮೈಯಲ್ಲಿ ಏನಾಗುತ್ತಿದೆ ಎಂದು ಅದಕ್ಕೆ ತಿಳಿಯುವ ಮಾತಿನಲ್ಲಿ ಆಮೇಲೆ ಹೇಳಿ. ಏನೆಂದು ತಿಳಿದ ಹೆದರಿಕೆ ತಿಳಿಯದ ಹೆದರಿಕೆಗಿಂತ ಚಿಕ್ಕದು.

ಇಲ್ಲಿ ಹೇಳಿದ್ದೇ ಎಲ್ಲದಕ್ಕೂ ಔಷಧ ಎಂದು ಮಾತ್ರ ದಯವಿಟ್ಟು ತಿಳಿಯಬೇಡಿ. ಮಗು ಬಿದ್ದು ಕೈಕಾಲು ಎಳೆದುಕೊಂಡರೆ, ಬಾಯಲ್ಲಿ ನೊರೆ ಬಂದರೆ, ಎಚ್ಚರ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೆದರಿಕೆ ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ ನಿಮ್ಮ ಊರಿನ ನರ್ಸಮ್ಮನಲ್ಲಿ ಹೇಳಿ. ನಿಮ್ಮ ಕೈಯೂ ನಡುಗುತ್ತಿದ್ದರೆ ಅದನ್ನೂ ಹೇಳಿ.